ಭೂಪಾಲನ ಗಾಡಿಯ ಮೇಲೆ ನನ್ನ ಕಣ್ಣು

ಪಶುಪಾಲನೆ ಇಲಾಖೆಗೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. "ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ ಸರ್?" ಎಂದು ಕೇಳುತ್ತಾರೆ. ನಾನು ದನದ ದವಾಖಾನೆಯಲ್ಲಿ ಜಾನುವಾರು ನಿರೀಕ್ಷಕನಾಗಿದ್ದವನು. ಊರವರ ಬಾಯಲ್ಲಿ ದನದ ಡಾಕ್ಟರ್. ಅಥಣಿ, ರಾಯಬಾಗ, ಚಿಕ್ಕೋಡಿ ಬಿಟ್ಟು ಬೇರೆ ಕಡೆ ನೌಕರಿ ಮಾಡಲಿಲ್ಲ. ಬಂದವರಿಗೆ ಚಹಾ ಕುಡಿಸಿ, ಕಾಲುಬಾಯಿ ಬೇನೆಯ ಕಥೆ, ಅಡ್ಡ ಸಿಕ್ಕಿದ ಕರುವನ್ನು ಹೊರಗೆಳೆದ ಕಥೆ ಹೇಳಿ ಕಳಿಸುತ್ತೇನೆ. ಅವರು ಖುಷಿಯಾಗಿ ಹೋಗುತ್ತಾರೆ. ಆದರೆ ನನ್ನ ನೌಕರಿಯ ಒಳ್ಳೆಯ ವರ್ಷಗಳು ಕಳೆದದ್ದು ಒಬ್ಬ ಮನುಷ್ಯನ ಸಣ್ಣ ಮೋಟರ್‌ಸೈಕಲ್ ನೋಡಿ ಹೊಟ್ಟೆ ಉರಿಸಿಕೊಳ್ಳುವುದರಲ್ಲಿ. ಇದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೆ ಮಾತ್ರ ಹೇಳದೆಯೇ ಗೊತ್ತಿತ್ತು.

ಆತನ ಹೆಸರು ಭೂಪಾಲ. ನನ್ನದೇ ಹುದ್ದೆ, ನನ್ನಷ್ಟೇ ಸಂಬಳ, ನನಗಿಂತ ಎರಡು ವರ್ಷ ಚಿಕ್ಕವ. ನನ್ನ ಕೇಂದ್ರ ಕೃಷ್ಣಾ ನದಿಯ ದಂಡೆಯ ಒಂದು ಊರಿನಲ್ಲಿತ್ತು. ಊರಿನ ಹೆಸರು ಬರೆಯುವುದಿಲ್ಲ, ಯಾಕೆ ಎಂಬುದು ಮುಂದೆ ತಿಳಿಯುತ್ತದೆ. ಆತನ ಕೇಂದ್ರ ಅಲ್ಲಿಂದ ಐದು ಮೈಲಿ. ನಡುವಿನ ಹಳ್ಳಿಗಳವರು ಇಬ್ಬರಲ್ಲಿ ಯಾರನ್ನಾದರೂ ಕರೆಯಬಹುದಿತ್ತು. ಹೊಟ್ಟೆಕಿಚ್ಚಿಗೆ ಅಷ್ಟು ಜಾಗ ಸಾಕಾಯಿತು.

ಎಂಬತ್ತರ ದಶಕದ ನಮ್ಮ ಕೆಲಸ ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಕಳು ಬೆದೆಗೆ ಬಂದರೆ ರೈತ ಮುಂಜಾನೆ ಹೇಳಿಕಳಿಸುತ್ತಿದ್ದ. ಸಂಜೆಯೊಳಗೆ ಹೋಗಿ ಕೃತಕ ಗರ್ಭಧಾರಣೆ ಮಾಡಬೇಕು. ಸಮಯ ಮೀರಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ನಾನು ಸೇರಿದ ಹೊಸದರಲ್ಲಿ ಹೋರಿಯ ವೀರ್ಯವನ್ನು ಥರ್ಮಾಸಿನಲ್ಲಿಟ್ಟು ಸೈಕಲ್ ಮೇಲೆ ಒಯ್ಯುತ್ತಿದ್ದೆವು. ಆಮೇಲೆ ಅದನ್ನು ಸಣ್ಣ ನಳಿಕೆಗಳಲ್ಲಿ ಹೆಪ್ಪುಗಟ್ಟಿಸಿ ದ್ರವ ಸಾರಜನಕದ ಕಂಟೇನರಿನಲ್ಲಿ ಕೊಡತೊಡಗಿದರು. ನೋಡಲು ಹಾಲಿನ ಕ್ಯಾನಿನಂತೆ ಇರುತ್ತಿತ್ತು. ಹೊರಗೊಂದು ಪಾತ್ರೆ, ಒಳಗೊಂದು ಪಾತ್ರೆ, ನಡುವೆ ಗಾಳಿ ತೆಗೆದ ಜಾಗ. ಒಳಗಿನ ಪಾತ್ರೆ ಕತ್ತಿನ ಬಳಿ ಒಂದು ತೆಳುವಾದ ಕೊಳವೆಗೆ ಜೋತುಬಿದ್ದಿರುತ್ತದೆ. ಕತ್ತು ಬಿರುಕು ಬಿಟ್ಟಿತೆಂದರೆ ಸಾರಜನಕ ಆರಿಹೋಗುತ್ತದೆ, ನಳಿಕೆಯಲ್ಲಿರುವುದು ಸಾಯುತ್ತದೆ. ಇಂಥ ನಾಜೂಕು ವಸ್ತುವನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಎರೆ ಮಣ್ಣಿನ ಹಾದಿಯಲ್ಲಿ, ಕಬ್ಬಿನ ಎತ್ತಿನಗಾಡಿಗಳು ಕೊರೆದ ಚಕ್ಕಡಿ ಜಾಡಿನಲ್ಲಿ ಅಡ್ಡಾಡಬೇಕು. ಹೀಗಾಗಿ ನಮ್ಮ ನೌಕರಿಯಲ್ಲಿ ಅರ್ಧ ವಿದ್ಯೆ ದನದ್ದು, ಅರ್ಧ ವಿದ್ಯೆ ಗಾಡಿಯದು. ಎರಡನೆಯದನ್ನು ಯಾರೂ ಕಲಿಸುತ್ತಿರಲಿಲ್ಲ.

ನನ್ನ ಗಾಡಿ, ಭೂಪಾಲನ ಗಾಡಿ ಬೇರೆ ಬೇರೆ ಜಾತಿಯವಾಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಇಬ್ಬರೂ ಒಂದೇ ದಿನ ನಿಪ್ಪಾಣಿಗೆ ಹೋಗಿ, ಒಬ್ಬ ತಂಬಾಕಿನ ವ್ಯಾಪಾರಿಯ ಮನೆಯಿಂದ ಎರಡು ಹಳೆಯ ಸಣ್ಣ ಗಾಡಿಗಳನ್ನು ಕೊಂಡು ತಂದಿದ್ದೆವು. ಒಂದೇ ನಮೂನೆ, ಒಂದೇ ವಯಸ್ಸು, ಎರಡೂ ಕೆಂಪು. ಹಿರಿಯನೆಂದು ಮೊದಲು ಆರಿಸುವ ಮಾನ ನನಗೆ ಸಿಕ್ಕಿತ್ತು. ಬಣ್ಣ ಹೊಳೆಯುತ್ತಿದ್ದದ್ದನ್ನು, ಒಂದೇ ಒದೆತಕ್ಕೆ ಚಾಲೂ ಆಗುತ್ತಿದ್ದದ್ದನ್ನು ನಾನು ಇಟ್ಟುಕೊಂಡೆ. ಸೀಟು ಹರಿದ, ಕೆಮ್ಮುವ ಗಾಡಿ ಭೂಪಾಲನಿಗೆ ಹೋಯಿತು. ವರ್ಷ ತುಂಬುವುದರೊಳಗೆ ಕೆಮ್ಮುವುದು ನನ್ನದಾಯಿತು.

ಭೂಪಾಲ ಮೆಕ್ಯಾನಿಕ್‌ನ ಮೆಟ್ಟಿಲು ಹತ್ತಿದವನಲ್ಲ. ಐತವಾರ ಬೆಳಿಗ್ಗೆ ಪೂಜೆ ಮುಗಿಸಿ ಅಂಗಳದಲ್ಲಿ ಒಂದು ತಾಡಪತ್ರಿ ಹಾಸುತ್ತಿದ್ದ. ಪ್ಲಗ್ ಬಿಚ್ಚಿ ಉಜ್ಜುವುದು, ಕಾರ್ಬುರೇಟರನ್ನು ಹಳೆಯ ತಾಟಿನಲ್ಲಿ ಪೆಟ್ರೋಲ್ ಹಾಕಿ ತೊಳೆಯುವುದು, ಚೈನನ್ನು ಬೆಚ್ಚಗಿನ ಎಣ್ಣೆಯಲ್ಲಿ ನೆನೆಹಾಕುವುದು. ಬಿಚ್ಚಿದ ಪ್ರತಿ ನಟ್ಟನ್ನೂ ಬಿಚ್ಚಿದ ಕ್ರಮದಲ್ಲೇ ತಾಡಪತ್ರಿಯ ಮೇಲೆ ಸಾಲಾಗಿ ಇಡುತ್ತಿದ್ದ. ಎರೆ ಮಣ್ಣಿನಲ್ಲಿ ಎಳೆಯಲಿ ಎಂದು ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಹಾಕಿದ್ದ. ಮುಂದಿನ ಮಡಗಾರ್ಡನ್ನು ಕಬ್ಬಿಣದ ಪಟ್ಟಿ ಕೊಟ್ಟು ನಾಲ್ಕು ಬೆರಳು ಎತ್ತರಿಸಿದ್ದ. ನೋಡಲು ಒಂದು ನಮೂನೆ ಕುರೂಪವಾಗಿ ಕಾಣುತ್ತಿತ್ತು. ನಾನು ಅದನ್ನು ಎಲ್ಲರೆದುರು ಆಡಿಕೊಂಡು ನಕ್ಕಿದ್ದೆ.

ಆ ನಗು ಮೊದಲ ಮಳೆಗಾಲದಲ್ಲೇ ಇಳಿಯಿತು. ಜುಗೂಳದ ಕಡೆ ಕಬ್ಬಿನ ಹೊಲಗಳ ನಡುವೆ ಹೊರಟಿದ್ದೆ. ಎರೆ ಮಣ್ಣು ಮಡಗಾರ್ಡಿನೊಳಗೆ ತುಂಬಿ ಮುಂದಿನ ಚಕ್ರ ತಿರುಗದೆ ನಿಂತಿತು. ಕೆಳಗಿಳಿದು ಎಳೆದೆ, ದಬ್ಬಿದೆ, ಒಂದು ಚಪ್ಪಲಿ ಮಣ್ಣಿನಲ್ಲೇ ಹೋಯಿತು. ಅಷ್ಟರಲ್ಲಿ ಅದೇ ಹಾದಿಯಲ್ಲಿ ಭೂಪಾಲ ಬಂದ. ಗಾಡಿ ನಿಲ್ಲಿಸಿ, ಒಂದು ಕಬ್ಬಿನ ತುಂಡು ಮುರಿದು ನನ್ನ ಚಕ್ರದ ಸಂದಿಯ ಮಣ್ಣು ಕೆದರಿ ತೆಗೆದ.

"ಕಲ್ಲಪ್ಪಣ್ಣಾ, ಮಡಗಾರ್ಡ್ ಏರಿಸ್ಕೋರಿ. ಐತವಾರ ನಮ್ಮ ಮನಿಗಿ ಬರ್ರಿ, ಇಬ್ಬರೂ ಕೂಡಿ ಒಂದ್ ತಾಸಿನ್ಯಾಗ ಮಾಡಿ ಮುಗಸೂಣು."

"ನೋಡೂಣು" ಎಂದೆ. ನೋಡಲಿಲ್ಲ. ಆ ಐತವಾರವೂ ಹೋಗಲಿಲ್ಲ, ಮುಂದಿನದಕ್ಕೂ ಹೋಗಲಿಲ್ಲ. ಆತ ಹೀಯಾಳಿಸಿದ್ದರೆ ಹೋಗುತ್ತಿದ್ದೆನೋ ಏನೋ. ಹೀಯಾಳಿಸದೆ ಕರೆದನಲ್ಲ, ಅದನ್ನು ನನಗೆ ತಡೆದುಕೊಳ್ಳಲು ಆಗಲಿಲ್ಲ.

ಮನೆಗೆ ಬಂದರೆ ಹೆಂಡತಿ ಬೇರೆ. ಭೂಪಾಲ ನಮ್ಮ ಓಣಿಯಲ್ಲಿ ಹಾದುಹೋದಾಗಲೆಲ್ಲ ಹೇಳುವಳು, "ಅವರ ಫಟಫಟಿ ಸಪ್ಪಳಾನ ಇಲ್ಲ ನೋಡ್ರಿ. ನಿಮ್ಮದು ಊರ ಅಗಸ್ಯಾಗ ಇದ್ದಾಗನ ನಾ ಒಲಿಮ್ಯಾಲೆ ಚಾ ಇಡತೀನಿ." ಅವಳಿಗೆ ಅದು ತಮಾಷೆ. ನಾನು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಹಾಗಾದರೆ ನಾನೂ ಮನೆಯಲ್ಲೇ ಮಾಡುತ್ತೇನೆ ಎಂದು ಹಟ ಹಿಡಿದೆ. ಸೈಲೆನ್ಸರಿನೊಳಗೆ ಮಸಿ ಕಟ್ಟಿದರೆ ಗಾಡಿ ಎಳೆಯುವುದಿಲ್ಲ. ಒಳಗಿನ ಕೊಳವೆ ಹೊರತೆಗೆದು ಕುಳ್ಳಿನ ಬೆಂಕಿಯಲ್ಲಿ ಸುಟ್ಟರೆ ಮಸಿ ಉದುರುತ್ತದೆ ಎಂದು ಭೂಪಾಲ ಯಾರಿಗೋ ಹೇಳುವುದನ್ನು ಕೇಳಿಸಿಕೊಂಡಿದ್ದೆ. ಕೊಳವೆಯನ್ನು ಬಚ್ಚಲದ ನೀರೊಲೆಗೆ ಹಾಕಿದೆ. ಮಸಿ ಉದುರಿತು. ಅದರ ನಾತ ಮನೆಯೊಳಗಿನ ಹಾಸಿಗೆ, ಉಪ್ಪಿನಕಾಯಿ, ದೇವರ ಕೋಣೆ ಎಲ್ಲಕ್ಕೂ ಹತ್ತಿ ನಾಲ್ಕು ದಿನ ಇತ್ತು. ಬೆಂಕಿಯಲ್ಲಿ ಸೊಟ್ಟಗಾದ ಕೊಳವೆ ಮತ್ತೆ ಒಳಗೆ ಹೋಗಲಿಲ್ಲ. ಅದಿಲ್ಲದೆಯೇ ಗಾಡಿ ಓಡಿಸಿದೆ. ಆ ಸಪ್ಪಳಕ್ಕೆ ಐನಾಪುರದ ಒಬ್ಬ ದ್ರಾಕ್ಷಿ ತೋಟದವರ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ನಾನು ಅದಕ್ಕೇ ಮದ್ದು ಕೊಡಲು ಹೋಗಿದ್ದೆ. ತೋಟದ ಮಾಲಕರು ಬೈಯಲಿಲ್ಲ. "ಡಾಕ್ಟರ್ರ, ಇನ್ನ ಮ್ಯಾಲೆ ನೀವು ಸೈಕಲ್ ಮ್ಯಾಲೆ ಬರ್ರಿ. ಇಲ್ಲಾ ಭೂಪಾಲ ಡಾಕ್ಟರ್‌ನ ಕಳಸ್ರಿ" ಎಂದರು. ಬೈದಿದ್ದರೆ ಮರೆಯುತ್ತಿದ್ದೆ.

ನಮ್ಮ ಮೇಲಿನ ಸಾಹೇಬರು ಒಳ್ಳೆಯ ಪಶುವೈದ್ಯರು, ಆದರೆ ಹೋಲಿಸುವ ಚಟ ಅವರಿಗೆ. ಪ್ರತಿ ತಿಂಗಳ ಸಭೆಯಲ್ಲಿ ನಮ್ಮಿಬ್ಬರ ಹೆಸರನ್ನು ಒಂದರ ಪಕ್ಕ ಒಂದು ಓದುವರು. ಯಾರು ಎಷ್ಟು ಆಕಳಿಗೆ ಗರ್ಭಧಾರಣೆ ಮಾಡಿದರು, ಎಷ್ಟು ಗಬ್ಬ ಕಟ್ಟಿದವು. ಕೊನೆಗೆ ಕನ್ನಡಕ ತೆಗೆದು, "ಕಲ್ಲಪ್ಪ, ನಿಮ್ಮ ಕೈಯಾಗ ಗುಣ ಐತಿ, ನಿಮ್ಮ ಗಾಡ್ಯಾಗ ಇಲ್ಲ" ಎನ್ನುವರು. ಎಲ್ಲರೂ ನಗುವರು. ಭೂಪಾಲ ನಗುತ್ತಿರಲಿಲ್ಲ. ಅದನ್ನೂ ನಾನು ಸೊಕ್ಕು ಎಂದುಕೊಂಡೆ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಭೂಪಾಲ ಕಂಟೇನರಿಗೆ ಹೊಸ ಕ್ಯಾರಿಯರ್ ಮಾಡಿಕೊಂಡ. ಎಂಥ ಹಾದಿಯಲ್ಲೂ ಕಂಟೇನರಿಗೆ ಪೆಟ್ಟು ಬೀಳುವುದಿಲ್ಲ, ಆತನ ಸಾರಜನಕ ಮೊದಲಿಗಿಂತ ಹೆಚ್ಚು ದಿನ ಬರುತ್ತದೆ ಎಂದು ಸುದ್ದಿಯಾಯಿತು. ಸಾರಜನಕದ ಲಾರಿ ಹದಿನೈದು ದಿನಕ್ಕೊಮ್ಮೆ ಅಥಣಿಗೆ ಬರುತ್ತಿತ್ತು, ನಾವೆಲ್ಲ ಕಂಟೇನರ್ ಹಿಡಿದು ಸಾಲಾಗಿ ನಿಲ್ಲುತ್ತಿದ್ದೆವು. ಅಲ್ಲಿ ಆತನ ಗಾಡಿಯನ್ನು ಓರೆಗಣ್ಣಿನಿಂದ ನೋಡಿದೆ. ಕ್ಯಾರಿಯರ್ ಸುತ್ತ ಗೋಣಿ ತಟ್ಟು ಸುತ್ತಿತ್ತು, ಒಳಗೇನಿದೆ ಎಂದು ಕಾಣಲಿಲ್ಲ. ಕೇಳಿದ್ದರೆ ಬಿಚ್ಚಿ ತೋರಿಸುತ್ತಿದ್ದ. ಕೇಳುವುದು ಹೇಗೆ? ಒಳಗೆ ಸ್ಪ್ರಿಂಗ್ ಇರಬೇಕು, ಬಿಸಿಲಿಗೆ ತಂಪಾಗಿರಲಿ ಎಂದು ಗೋಣಿ ಸುತ್ತಿರಬೇಕು ಎಂದು ನಾನೇ ತೀರ್ಮಾನಿಸಿಕೊಂಡೆ.

ನಿಜ ಸಂಗತಿ ಬೇರೆ ಇತ್ತು. ಆತ ಟ್ರ್ಯಾಕ್ಟರಿನ ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕಂಟೇನರನ್ನು ನಾಲ್ಕು ಕಡೆಯಿಂದ ತೊಟ್ಟಿಲಿನಂತೆ ತೂಗುಹಾಕಿದ್ದ. ಕೆಳಗೆ ಅದು ಯಾವುದಕ್ಕೂ ತಾಗುತ್ತಿರಲಿಲ್ಲ. ಗೋಣಿ ಇದ್ದದ್ದು ರಬ್ಬರು ಬಿಸಿಲಿಗೆ ಸೀಳದಿರಲಿ ಎಂದು. ನಾನು ಮಾಡಿದ್ದು ಏನೆಂದರೆ, ಹಳೆಯ ಸೀಟಿನ ಎರಡು ಗಟ್ಟಿ ಸ್ಪ್ರಿಂಗುಗಳನ್ನು ಕ್ಯಾರಿಯರಿಗೆ ವೆಲ್ಡಿಂಗ್ ಮಾಡಿಸಿ ಅದರ ಮೇಲೆ ಕಂಟೇನರ್ ಕೂರಿಸಿದೆ. ಮೇಲೆ ಗೋಣಿ ತಟ್ಟು ಸುತ್ತಿ, ಭೂಪಾಲನನ್ನು ಮೀರಿಸಬೇಕೆಂದು ದಿನಾ ಅದಕ್ಕೆ ನೀರು ಚಿಮುಕಿಸಿದೆ. ಗಾಡಿ ಒಂದು ತಗ್ಗು ಹಾರಿದರೆ ಕಂಟೇನರ್ ಸ್ಪ್ರಿಂಗಿನ ಮೇಲೆ ಮೂರು ಸಲ ಕುಣಿಯುತ್ತಿತ್ತು.

ಕತ್ತು ಯಾವ ತಗ್ಗಿನಲ್ಲಿ ಬಿರುಕು ಬಿಟ್ಟಿತೋ ಗೊತ್ತಿಲ್ಲ. ಬಿರುಕು ಬಿಟ್ಟ ಕಂಟೇನರ್ ಹೊರಗೆ ಬೆವರುತ್ತದೆ, ಕತ್ತಿನ ಮೇಲೆ ಬಿಳಿ ಹಿಮ ಕೂರುತ್ತದೆ. ನನ್ನ ಹಸಿ ಗೋಣಿಯೊಳಗೆ ಬೆವರು ಯಾವುದು, ನೀರು ಯಾವುದು? ಮುಚ್ಚಳ ತೆಗೆದಾಗ ಏಳಬೇಕಾದ ಹೊಗೆಯಂಥ ಮಂಜು ತೆಳ್ಳಗಾಗಿತ್ತು. ಅದನ್ನು ಕಣ್ಣಾರೆ ಕಂಡೆ, ಬೇಸಿಗೆಯಲ್ಲವೇ ಎಂದುಕೊಂಡೆ. ದಿನಾ ಒಂದು ಕಡ್ಡಿ ಇಳಿಸಿ ಸಾರಜನಕ ಎಷ್ಟಿದೆ ಎಂದು ನೋಡಬೇಕೆಂಬುದು ನಿಯಮ. ಆ ಒಂದೂವರೆ ತಿಂಗಳು ಕಡ್ಡಿ ಗೋಡೆಗೆ ಒರಗಿಕೊಂಡೇ ಇತ್ತು. ಹೊಸದಾಗಿ ಸೇರಿದವರಿಗೆ ನಾನು ಕಲಿಸಬಹುದಾದದ್ದು ಒಂದೇ: ಕಡ್ಡಿ ಇಳಿಸಿ ನೋಡಿ. ಒಮ್ಮೆ ಕರಗಿ, ಮತ್ತೆ ಸಾರಜನಕ ತುಂಬಿದಾಗ ಹೆಪ್ಪುಗಟ್ಟಿದ ನಳಿಕೆ ನೋಡಲು ಹಾಗೇ ಇರುತ್ತದೆ. ಒಳಗೆ ಜೀವ ಇರುವುದಿಲ್ಲ.

ನಡುವಿನ ಒಂದು ಹಳ್ಳಿಯಲ್ಲಿ ಸಾತವ್ವ ಎಂಬ ಮುದುಕಿ ಇದ್ದಳು. ಐದಾರು ಕುರಿ, ಒಂದು ಆಕಳು, ಅಷ್ಟೇ ಅವಳ ಬದುಕು. ಆಕಳಿನ ಹಾಲು ಮಾರಿಯೇ ಮನೆ ನಡೆಯಬೇಕು. ಅದು ಬೆದೆಗೆ ಬಂದಾಗ ಎರಡೂವರೆ ಮೈಲಿ ನಡೆದು ನನ್ನನ್ನು ಕರೆಯಲು ಬಂದಳು. ಭೂಪಾಲನ ಹಾದಿಯೂ ಅಷ್ಟೇ ದೂರ, ಆದರೂ ನನ್ನ ಕಡೆ ಬಂದಳು ಎಂದು ಒಳಗೊಳಗೇ ಹಿಗ್ಗಿ, ಬಿಸಿಲಿನಲ್ಲಿ ಹೋಗಿ ನಳಿಕೆ ಹಾಕಿ ಬಂದೆ. ಇಪ್ಪತ್ತೊಂದು ದಿನಕ್ಕೆ ಮತ್ತೆ ಬಂದಳು, "ತಿರುಗಿ ಒದರಾಕತ್ತೈತ್ರಿ ಡಾಕ್ಟರ್ರ." ಗಬ್ಬ ನಿಂತಿಲ್ಲ ಎಂದರ್ಥ. ಮತ್ತೆ ಹೋದೆ. ಇನ್ನೊಂದು ಇಪ್ಪತ್ತೊಂದು ದಿನ ಕಳೆದು ಮೂರನೆಯ ಸಲ ಬಂದು ದವಾಖಾನೆಯ ಕಟ್ಟೆಯ ಮೇಲೆ ಕೂತಳು. ಅದೇ ವಾರ ಇನ್ನೂ ನಾಲ್ಕೈದು ಮಂದಿ ಹೀಗೇ ಬಂದು ಹೋಗಿದ್ದರು. ನನ್ನೊಳಗೆ ಏನೋ ಚುಚ್ಚುತ್ತಿತ್ತು. ಆಗ ಸಾತವ್ವ ಕೇಳಿದಳು:

"ಯಪ್ಪಾ, ಸಿಟ್ಟ ಮಾಡ್ಕೋಬ್ಯಾಡ್ರಿ. ಈ ಸರ್ತಿ ಭೂಪಾಲ ಡಾಕ್ಟರ್‌ನ ಕರಸ್ಲೇನ್ರಿ?"

ಅವಳ ದನಿಯಲ್ಲಿ ಒಂದು ಚೂರೂ ಕುಹಕ ಇರಲಿಲ್ಲ. ಆದರೆ ಆ ಹೆಸರು ಕಿವಿಗೆ ಬಿದ್ದದ್ದೇ ತಡ, ನನ್ನ ಮೈ ಉರಿದುಹೋಯಿತು.

"ಯಾರನ್ನ ಕರಸಿದ್ರೂ ಅಷ್ಟ ಯವ್ವಾ. ಆಕಳ ಗೊಡ್ಡ ಬಿದ್ದೈತಿ" ಎಂದೆ.

"ಖರೇನ್ರಿ?"

"ಖರೇನ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು. ಆ ಆಕಳನ್ನು ನಾನು ಆ ದಿನ ಮುಟ್ಟಿ ಸಹ ನೋಡಿರಲಿಲ್ಲ.

ನಾಲ್ಕು ದಿನದ ಮೇಲೆ ಅಥಣಿಯಲ್ಲಿ ಸಾರಜನಕದ ಸಾಲು. ನನ್ನ ಹಿಂದೆಯೇ ಭೂಪಾಲ ನಿಂತಿದ್ದ. ಮುಂದೆ ಸರಿಸಲು ನನ್ನ ಕಂಟೇನರ್ ಎತ್ತಿಕೊಟ್ಟವನು, ಕೈಯಲ್ಲಿ ಅದರ ತೂಕ ನೋಡಿ ನಿಂತುಬಿಟ್ಟ. ಒಳಗೆ ಏನೂ ಇರಲಿಲ್ಲ, ಬರಿದಾಗಿತ್ತು. ಹಸಿ ಗೋಣಿ ಬಿಚ್ಚಿದ. ಲಾರಿಯವನು ಒಂದಿಷ್ಟು ಸಾರಜನಕ ಹಾಕಿದ ಕ್ಷಣಕ್ಕೆ ಕತ್ತಿನ ಸುತ್ತ ಬಿಳಿ ಹಿಮ ಕೂತಿತು. ಭೂಪಾಲ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಯಾರಿಗೂ ಕೇಳಿಸದಂತೆ ಕೇಳಿದ:

"ಎಂದಿನಿಂದ ಕಲ್ಲಪ್ಪಣ್ಣಾ?"

ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಕ್ಯಾರಿಯರ್, ತಿರುಗಿ ಬೆದೆಗೆ ಬಂದ ಆಕಳುಗಳು, ಸಾತವ್ವನಿಗೆ ಹೇಳಿದ ಮಾತು, ಎಲ್ಲ ಹೇಳಿದೆ. ಯಾಕೆ ಹಾಗೆ ಹೇಳಿದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಆತ ಒಂದೂ ಬಿರುಸು ಮಾತು ಆಡಲಿಲ್ಲ. "ಉಳದ ಆಕಳಾ ಮುಂದಿನ ಸರ್ತಿ ನನ್ನ ನಳಿಕಿ ಹಾಕಿ ಇಬ್ಬರೂ ಕೂಡಿ ಮಾಡೂಣು. ಆದ್ರ ಆ ಮುದುಕಿ ಗೊಡ್ಡ ಅಂತ ಆಕಳಾ ಮಾರಿಬಿಡತಾಳ. ನೀವು ಈಗಿಂದೀಗ ಹೋಗಿ ಇದ್ದದ್ದ ಇದ್ದಾಂಗ ಹೇಳ್ರಿ. ನನ್ನ ಗಾಡಿ ತಗೊಂಡ ಹೋಗ್ರಿ, ಲಗೂನ ಮುಟ್ಟತೀರಿ. ನಿಮ್ಮದನ್ನ ನಾ ಮನಿಗಿ ಒಯ್ತೀನಿ" ಎಂದು ಕೀಲಿ ಕೈ ನನ್ನ ಕೈಗೆ ಕೊಟ್ಟ.

ಹೀಗೆ ಅದರ ಮೇಲೆ ಮೊದಲ ಸಲ ಕೂತೆ. ಒಂದೇ ಒದೆತ. ಕೈಗೆ ನಡುಕವಿಲ್ಲ, ಚೈನಿನ ಕಿರಗುಟ್ಟುವ ಸಪ್ಪಳವಿಲ್ಲ. ತಗ್ಗು ಬಂದರೆ ಇಳಿದದ್ದೇ ತಿಳಿಯದೆ ಏರುತ್ತಿತ್ತು. ಒಬ್ಬ ಬಡವಿಯ ಆಕಳನ್ನು ಉಳಿಸಲು ಹೊರಟವನು ಆಕಳಿನ ಬಗ್ಗೆ ಯೋಚಿಸಬೇಕಿತ್ತು. ನಾನು ಹಾದಿಯುದ್ದಕ್ಕೂ, ಇದು ನನ್ನದಾಗಬೇಕಿತ್ತು, ನಿಪ್ಪಾಣಿಯಲ್ಲಿ ಇದನ್ನೇ ಆರಿಸಿಕೊಳ್ಳಬೇಕಿತ್ತು ಎಂದು ಹೊಟ್ಟೆ ಉರಿಸಿಕೊಳ್ಳುತ್ತ ಹೋದೆ. ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಸಾತವ್ವನ ಹಿತ್ತಲಿನ ಗೂಟ ಬರಿದಾಗಿತ್ತು. ಹಿಂದಿನ ದಿನವೇ ಮಿರಜ ಕಡೆಯ ವ್ಯಾಪಾರಿಯೊಬ್ಬ ಆಕಳನ್ನು ಹೊಡೆದುಕೊಂಡು ಹೋಗಿದ್ದ. ಯಾವ ಊರು, ಯಾರ ಮನೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಬಂದದ್ದಕ್ಕೆ ಕಂಬಳಿ ಹಾಸಿ ಕೂರಿಸಿದಳು. ಕರಿ ಚಹಾ ತಂದು ಮುಂದಿಟ್ಟಳು.

"ಹಾಲಿಲ್ರಿ, ಹಂಗ ಕುಡೀರಿ."

ನಾನು ಬಾಯಿ ತೆರೆದೆ. "ಸಾತವ್ವಾ, ಆ ಆಕಳಾ..." ಎಂದೆ.

"ಹೋಗ್ಲಿ ಬಿಡ್ರಿ ಯಪ್ಪಾ. ನಿಮ್ಮದೇನ್ ತಪ್ಪ್ರಿ? ಎರಡ ಸರ್ತಿ ಬಿಸಲಾಗ ಬಂದ್ರಿ. ಅದರ ಹಣೇಬಾರಾನ ಹಂಗಿತ್ತು."

ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು. ಅಲ್ಲ ಯವ್ವಾ, ಆಕಳಿಗೆ ಏನೂ ಆಗಿರಲಿಲ್ಲ, ತಪ್ಪು ನನ್ನದು ಎನ್ನಬೇಕಿತ್ತು. ಅಷ್ಟು ಹೇಳಲು ಎಷ್ಟು ಹೊತ್ತು ಬೇಕು? ಕರಿ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಎದ್ದು ಬಂದೆ.

ಭೂಪಾಲನ ಅಂಗಳಕ್ಕೆ ಬಂದಾಗ ಆತ ನನ್ನ ಗಾಡಿಯ ಸ್ಪ್ರಿಂಗ್ ಕಿತ್ತು ಟ್ಯೂಬಿನ ಪಟ್ಟಿ ಕಟ್ಟುತ್ತಿದ್ದ. ಮಡಗಾರ್ಡನ್ನೂ ಎತ್ತರಿಸಿಬಿಟ್ಟಿದ್ದ. ಕೆಲಸ ಮಾಡುತ್ತಲೇ ಕೇಳಿದ:

"ಸಿಕ್ಕಿತೇನ್ರಿ ಆಕಳಾ?"

"ಇಲ್ಲ. ನಿನ್ನೆನ ಮಾರ್‍ಯಾಳ."

"ಮತ್ತ ಹೇಳಿದ್ರಿ?"

"ಹೂಂ. ಹೇಳಿದೆ."

"ಎಲ್ಲಾ?"

"ಎಲ್ಲಾ."

"ಏನಂದ್ಳು?"

"ನಿಮ್ಮದೇನ್ ತಪ್ಪ್ರಿ ಅಂದ್ಳು." ಅವಳು ಆಡಿದ್ದೇ ಆ ಮಾತನ್ನು, ಅದರಲ್ಲಿ ಸುಳ್ಳಿಲ್ಲ.

ಭೂಪಾಲ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದ. "ನನ್ನ ಕೈಲೆ ಆಗತಿರಲಿಲ್ಲ ಕಲ್ಲಪ್ಪಣ್ಣಾ. ಗಾಡಿ ಯಾರ ಬೇಕಾದ್ರೂ ರಿಪೇರಿ ಮಾಡತಾರ. ನಂದ ತಪ್ಪ ಐತಿ ಅಂತ ರೈತನ ಮನಿ ಬಾಗಲಾಗ ನಿಂತು ಹೇಳೂದು ನಮ್ಮಂಥಾವರಿಗೆ ಆಗೂದಲ್ಲ."

ಉಳಿದ ಆಕಳುಗಳಲ್ಲಿ ಹೆಚ್ಚಿನವು ಮುಂದಿನ ಸುತ್ತಿನಲ್ಲಿ ಗಬ್ಬ ಕಟ್ಟಿದವು. ಕಂಟೇನರ್ ಹಳೆಯದಾಗಿ ಸೋರಿದೆ ಎಂದು ಬರೆದುಕೊಟ್ಟು ಹೊಸದು ತಂದೆ. ಸಾತವ್ವ ಮತ್ತೆ ಆಕಳು ಕಟ್ಟಲಿಲ್ಲ, ಹೀಗಾಗಿ ಭೂಪಾಲ ಅವಳ ಹಿತ್ತಲಿಗೆ ಹೋಗುವ ಪ್ರಸಂಗ ಬರಲೇ ಇಲ್ಲ. ಕೆಲವು ವರ್ಷಕ್ಕೆ ಅವಳು ತೀರಿಕೊಂಡಳು. ನನ್ನ ಗಾಡಿ ಆಮೇಲೆ ಚೆನ್ನಾಗಿಯೇ ಓಡಿತು. ಐತವಾರಗಳಲ್ಲಿ ಭೂಪಾಲನ ಜೊತೆ ತಾಡಪತ್ರಿಯ ಮೇಲೆ ಕೂತು ನಾನೂ ನಟ್ಟುಗಳನ್ನು ಸಾಲಾಗಿ ಇಡುವುದನ್ನು ಕಲಿತೆ. ಹೊಟ್ಟೆಯ ಉರಿ ಮಾತ್ರ ಆರಲಿಲ್ಲ, ಪಕ್ಕದಲ್ಲಿ ಕೂತರೂ ಇತ್ತು.

ನನ್ನ ನಿವೃತ್ತಿಯ ಸಮಾರಂಭದಲ್ಲಿ ಭೂಪಾಲ ಮಾತಾಡಲು ಎದ್ದ. ಕೊರಳಲ್ಲಿ ಹಾರ ಹಾಕಿಕೊಂಡು ನಾನು ಮುಂದಿನ ಕುರ್ಚಿಯಲ್ಲಿದ್ದೆ. ಊರು, ಹೆಸರು ಹೇಳದೆ ಆತ ಸಾತವ್ವನ ಆಕಳಿನ ಕಥೆ, ನಾನು ಅವಳ ಬಾಗಿಲಿಗೆ ಹೋಗಿ ತಪ್ಪು ಒಪ್ಪಿಕೊಂಡ ಕಥೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, "ನನ್ನ ನೌಕರ್‍ಯಾಗ ನಾ ಒಬ್ಬರ ಮ್ಯಾಲೆ ಹೊಟ್ಟಿಕಿಚ್ಚ ಪಟ್ಟೇನಿ ಅಂದ್ರ, ಈ ಮನಷ್ಯಾನ ಮ್ಯಾಲೆ" ಎಂದ. ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ನಾನು ಎದ್ದು ಕೈ ಮುಗಿದೆ.

ಭೂಪಾಲ ಈಗಲೂ ಇದ್ದಾನೆ. ಇದನ್ನು ಮೊದಲು ಓದುವವನು ಅವನೇ ಆಗಲಿ ಎಂದು ಬರೆದಿದ್ದೇನೆ. ಓದಿದ ಮೇಲೆ ಆತ ನನ್ನ ಮೇಲೆ ಹೊಟ್ಟೆಕಿಚ್ಚು ಪಡುವುದಿಲ್ಲ. ಅದೊಂದನ್ನು ಕಳೆದುಕೊಳ್ಳಲು ಮನಸ್ಸಾಗದೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.